ಚಿಕಿತ್ಸೆ ಮುಗಿದ ಮೇಲೆ ಮತ್ತೆ ಹತ್ತಿರವಾಗುವುದು: ಕ್ಯಾನ್ಸರ್ ದಾಟಿದ ಯುವಜನರಿಗೆ ಲೈಂಗಿಕ ಜೀವನದ ಮಾರ್ಗದರ್ಶಿ

ಕ್ಯಾನ್ಸರ್ ವಿಭಾಗದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವ ನನಗೆ ಒಂದು ಬೆಳಗಿನ ದೃಶ್ಯ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡಿದ್ದ 26 ವರ್ಷದ ವಿವಾಹಿತೆಯೊಬ್ಬರು ತಪಾಸಣೆಗೆ ಬಂದಿದ್ದರು. ಪಕ್ಕದ ಕುರ್ಚಿಯಲ್ಲಿ ಅವರ ತಾಯಿ, ತಾಯಿಯ ಮಡಿಲಲ್ಲಿ ವರದಿಗಳ ದಪ್ಪ ಫೈಲು, ಬಾಗಿಲಾಚೆ ಸರದಿಗಾಗಿ ಕಾಯುತ್ತಿದ್ದ ಹತ್ತಾರು ಜನ. ವೈದ್ಯರು ರಕ್ತದ ವರದಿ ನೋಡಿ, ಎಲ್ಲವೂ ಚೆನ್ನಾಗಿದೆ ಎಂದು ಹೇಳಿ, "ಬೇರೆ ಏನಾದರೂ ತೊಂದರೆ ಇದೆಯೇನಮ್ಮ?" ಎಂದು ಕೇಳಿದರು. ಆಕೆ ಒಮ್ಮೆ ತಾಯಿಯ ಮುಖ ನೋಡಿ, "ಏನಿಲ್ಲ ಡಾಕ್ಟ್ರೇ" ಎಂದರು. ಹೊರಗೆ ಬಂದ ಮೇಲೆ ನೀರಿನ ಫಿಲ್ಟರಿನ ಹತ್ತಿರ ನಿಂತು ನನ್ನೊಡನೆ ಆಡಿದ ಮಾತು ಬೇರೆಯೇ ಆಗಿತ್ತು: ಮುಟ್ಟು ನಿಂತು ವರ್ಷ ದಾಟಿದೆ, ರಾತ್ರಿ ಇದ್ದಕ್ಕಿದ್ದಂತೆ ಮೈ ಕಾದು ಬೆವರುತ್ತದೆ, ಗಂಡನೊಡನೆ ಸೇರಲು ಹೋದರೆ ಬ್ಲೇಡಿನಿಂದ ಗೀರಿದಂತೆ ಉರಿಯುತ್ತದೆ, ಅವರೂ ಹೆದರಿ ಈಗ ಹಾಸಿಗೆಯನ್ನೇ ಬೇರೆ ಮಾಡಿಕೊಂಡಿದ್ದಾರೆ.

ಮುಂದಿನ ತಪಾಸಣೆಗೆ ಆಕೆ ಈ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದು ಫೈಲಿನ ಮೊದಲ ಹಾಳೆಗೆ ಪಿನ್ ಮಾಡಿ ತಂದರು. ಚೀಟಿಯನ್ನು ಓದಿದ ವೈದ್ಯರು ತಾಯಿಯನ್ನು ಎರಡು ನಿಮಿಷ ಹೊರಗೆ ಕುಳಿತಿರಲು ವಿನಂತಿಸಿದರು. ಹಾರ್ಮೋನಿನ ರಕ್ತಪರೀಕ್ಷೆಯಲ್ಲಿ, ಕಸಿಗೆ ಮುಂಚೆ ಕೊಟ್ಟ ಔಷಧಗಳಿಂದಾಗಿ ಅಂಡಾಶಯ ಕೆಲಸ ನಿಲ್ಲಿಸಿ ಅಕಾಲಿಕ ಮುಟ್ಟುನಿಲುಗಡೆ ಆಗಿರುವುದು ತಿಳಿಯಿತು. ಅದಕ್ಕೆ ಚಿಕಿತ್ಸೆ ಇದೆ, ಅದು ಶುರುವಾಯಿತು. ಆ ಚೀಟಿ ಬರುವವರೆಗೆ ಯಾರೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ.

ಈ ಲೇಖನವನ್ನು 18 ದಾಟಿದ, ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಗಂಡು ಹೆಣ್ಣು ಇಬ್ಬರಿಗಾಗಿಯೂ ಬರೆಯುತ್ತಿದ್ದೇನೆ. ನಿಮಗೆ ಮದುವೆಯಾಗಿರಬಹುದು, ಆಗದಿರಬಹುದು, ನಿಮ್ಮ ಸಂಗಾತಿ ನಿಮ್ಮದೇ ಲಿಂಗದವರೂ ಆಗಿರಬಹುದು. ಮುಂದೆ ಹೇಳುವ ಬಹುತೇಕ ಸಂಗತಿಗಳು ಎಲ್ಲರಿಗೂ ಒಂದೇ ರೀತಿ ಅನ್ವಯಿಸುತ್ತವೆ.

ಮೊದಲ ಹೆಜ್ಜೆ: ಕೇಳಬೇಕಾದ ಮಾತನ್ನು ಮನೆಯಲ್ಲೇ ಬರೆದುಕೊಳ್ಳಿ

ಈ ವಿಷಯಕ್ಕೆ ನಮ್ಮಲ್ಲಿ ಬಾಯಿಗೆ ಬರುವ ಪದಗಳೇ ಕಡಿಮೆ. ಪುಸ್ತಕದ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಆಡುಮಾತು ಬೈಗುಳದಂತೆ ಕೇಳಿಸುತ್ತದೆ. ಆದ್ದರಿಂದ ಸರಳವಾದ ಎರಡು ಮೂರು ವಾಕ್ಯಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. "ಗಂಡ ಹೆಂಡತಿ ಸೇರುವ ವಿಷಯದಲ್ಲಿ ತೊಂದರೆಯಾಗುತ್ತಿದೆ, ನಿಮ್ಮೊಡನೆ ಒಬ್ಬಳೇ ಮಾತನಾಡಬೇಕು" ಎಂದರೆ ಸಾಕು. "ಚಿಕಿತ್ಸೆಯಾದ ಮೇಲೆ ನಿಮಿರುವಿಕೆ ಸರಿಯಾಗಿಲ್ಲ", "ಸೇರುವಾಗ ಉರಿ, ಸೇರಿದ ಮೇಲೆ ರಕ್ತ", "ಆಸೆಯೇ ಹುಟ್ಟುತ್ತಿಲ್ಲ" ಎಂಬ ಮಾತುಗಳು ಯಾವ ವೈದ್ಯರಿಗೂ ಹೊಸವಲ್ಲ. ಬಾಯಿಬಿಟ್ಟು ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ, ಅಥವಾ ವಿಭಾಗದ ದಾದಿಯ ಹತ್ತಿರ ಹೇಳಿ. ದಾದಿಯರಿಗೆ ಹೇಳಿದ ಮಾತು ವೈದ್ಯರಿಗೆ ತಲುಪುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಪ್ಪ, ಅಮ್ಮ, ಅತ್ತೆ, ಅಣ್ಣ ಯಾರೇ ಜೊತೆಗೆ ಬಂದಿದ್ದರೂ ಅವರನ್ನು ಸ್ವಲ್ಪ ಹೊತ್ತು ಹೊರಗಿರಲು ಕೇಳುವ ಹಕ್ಕು ವಯಸ್ಕರಾದ ನಿಮಗಿದೆ, ಮತ್ತು ನೀವು ಹೇಳಿದ್ದನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ.

ಎರಡನೆಯ ಹೆಜ್ಜೆ: ನಿಮಗೆ ಆದ ಚಿಕಿತ್ಸೆ ಯಾವುದು, ಅದು ಏನನ್ನು ಮುಟ್ಟಿದೆ ಎಂದು ತಿಳಿದುಕೊಳ್ಳಿ

ಡಿಸ್ಚಾರ್ಜ್ ಸಮ್ಮರಿಯನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಅದರಲ್ಲಿ ಕೀಮೋ ಔಷಧಗಳ ಹೆಸರು, ಎಷ್ಟು ಸುತ್ತು ಎಂಬ ಲೆಕ್ಕ, ರೇಡಿಯೇಷನ್ ಅಂದರೆ ನಮ್ಮ ಜನ "ಕರೆಂಟು" ಎನ್ನುವ ಚಿಕಿತ್ಸೆ ದೇಹದ ಯಾವ ಭಾಗಕ್ಕೆ ಬಿತ್ತು ಎಂಬ ವಿವರ, ಶಸ್ತ್ರಚಿಕಿತ್ಸೆಯಲ್ಲಿ ಏನನ್ನು ತೆಗೆದರು ಎಂಬ ಮಾಹಿತಿ ಇರುತ್ತದೆ. ಸೈಕ್ಲೋಫಾಸ್ಫಮೈಡ್, ಪ್ರೊಕಾರ್ಬಝೀನ್‌ಗಳಂಥ ಔಷಧಗಳು ದೊಡ್ಡ ಪ್ರಮಾಣದಲ್ಲಿ ಸೇರಿದಾಗ ಅಂಡಾಶಯಕ್ಕೂ ವೃಷಣಕ್ಕೂ ಹೆಚ್ಚು ಪೆಟ್ಟು ಬೀಳುತ್ತದೆ. ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಕೊಡುವ ಎಬಿವಿಡಿ ಎಂಬ ನಾಲ್ಕು ಔಷಧಗಳ ಜೋಡಣೆಯಲ್ಲಿ ಈ ಪೆಟ್ಟು ಕಡಿಮೆ. ಕಿಬ್ಬೊಟ್ಟೆಯ ಭಾಗಕ್ಕೆ ರೇಡಿಯೇಷನ್ ಆದರೆ ಯೋನಿಯ ಒಳಪದರ ಒಣಗಿ ಬಿಗಿಯಾಗುತ್ತದೆ. ಗಂಡಸರಲ್ಲಿ ನಿಮಿರುವಿಕೆಗೆ ಬೇಕಾದ ರಕ್ತನಾಳ, ನರಗಳು ನಿಧಾನವಾಗಿ ಸೊರಗಬಹುದು. ಗುದನಾಳ, ಮೂತ್ರಕೋಶಗಳ ಶಸ್ತ್ರಚಿಕಿತ್ಸೆಯಲ್ಲೂ ಅದೇ ನರಗಳಿಗೆ ಘಾಸಿಯಾಗುವ ಸಂಭವವಿದೆ. ಬೇರೆಯವರ ದಾನದ ಅಸ್ಥಿಮಜ್ಜೆ ಪಡೆದವರಲ್ಲಿ ಕಸಿಯ ಕಣಗಳು ಜನನಾಂಗದ ಚರ್ಮವನ್ನೂ ಬಾಧಿಸಿ ಹುಣ್ಣು, ಬಿಗಿತ ತರುವುದುಂಟು. ಇದನ್ನು ಬೇಗ ತೋರಿಸಿದಷ್ಟೂ ಗುಣ ಸುಲಭ.

ಇವುಗಳ ಜೊತೆಗೆ ಈಗ ನೀವು ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ನೋಡಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಮಾರ್ಫಿನ್ ಬಗೆಯ ನೋವುನಿವಾರಕಗಳು, ಹಾರ್ಮೋನು ತಡೆಯುವ ಮಾತ್ರೆಗಳು ಆಸೆಯನ್ನು ತಗ್ಗಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಬದಲಾಯಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಆಸೆ ಕಡಿಮೆಯಾದದ್ದಕ್ಕೆ ತನ್ನನ್ನೇ, ಇಲ್ಲವೇ ಸಂಗಾತಿಯನ್ನೇ ಹೊಣೆ ಮಾಡಿಕೊಂಡು ಕೊರಗುವವರಲ್ಲಿ ಎಷ್ಟೋ ಜನರಿಗೆ ನಿಜವಾದ ಕಾರಣ ಆ ಪಟ್ಟಿಯಲ್ಲೇ ಸಿಕ್ಕಿದೆ.

ಮೂರನೆಯ ಹೆಜ್ಜೆ: ಯಾವಾಗ ಸೇರಬಹುದು ಎಂಬುದನ್ನು ಖಚಿತಪಡಿಸಿಕೊಳ್ಳಿ

ಮೊದಲು ಮನೆಮನೆಯಲ್ಲಿ ಕಾಡುವ ಎರಡು ಭಯಗಳನ್ನು ಕಳೆಯಬೇಕು. ಕ್ಯಾನ್ಸರ್ ಮುಟ್ಟುವುದರಿಂದ, ಮುತ್ತಿಡುವುದರಿಂದ, ಸಂಭೋಗದಿಂದ ಅಂಟುವ ರೋಗವಲ್ಲ. ಸಂಭೋಗದಿಂದ ಕ್ಯಾನ್ಸರ್ ಮರುಕಳಿಸುವುದೂ ಇಲ್ಲ. "ವೀರ್ಯ ಹೋದರೆ ಶಕ್ತಿ ಹೋಗುತ್ತದೆ, ಸುಧಾರಿಸುತ್ತಿರುವ ಹುಡುಗ, ದೂರವೇ ಇರಲಿ" ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರಾದರೂ ಆ ಮಾತಿಗೆ ವೈದ್ಯಕೀಯ ಆಧಾರವಿಲ್ಲ.

ಗರ್ಭಕಂಠದ ಕ್ಯಾನ್ಸರಿನ ವಿಷಯದಲ್ಲಿ ಇನ್ನೊಂದು ಮಾತನ್ನು ಬಿಡಿಸಿ ಹೇಳಲೇಬೇಕು. ಅದಕ್ಕೆ ಕಾರಣವಾಗುವ ಎಚ್‌ಪಿವಿ ವೈರಸ್ ಲೈಂಗಿಕ ಸಂಪರ್ಕದಿಂದ ಬರುತ್ತದೆಂದು ಎಲ್ಲೋ ಓದಿದ ಗಂಡ, ಅಥವಾ ಗಂಡನ ಮನೆಯವರು, ಹೆಂಡತಿಯ ನಡತೆಯನ್ನು ಶಂಕಿಸಿದ ಪ್ರಸಂಗಗಳನ್ನು ನಾನು ಕಂಡಿದ್ದೇನೆ. ಈ ವೈರಸ್ ಲೈಂಗಿಕ ಜೀವನ ಆರಂಭಿಸಿದ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ತಗಲುವಷ್ಟು ಸಾಮಾನ್ಯವಾದದ್ದು, ಹಲವು ವರ್ಷ ಸದ್ದಿಲ್ಲದೆ ಒಳಗೆ ಉಳಿಯಬಲ್ಲದ್ದು. ಅದು ಯಾರಿಂದ ಬಂತು, ಯಾವಾಗ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಅದನ್ನು ನಡತೆಯ ಸಾಕ್ಷಿಯೆಂದು ಬಳಸುವುದು ಅನ್ಯಾಯ.

ಇನ್ನು ನಿಜವಾಗಿ ಪಾಲಿಸಬೇಕಾದ ಎಚ್ಚರಿಕೆಗಳು. ಕೀಮೋ ಪಡೆದ ನಂತರ ಎರಡು ಮೂರು ದಿನ ಔಷಧದ ಅಂಶ ವೀರ್ಯದಲ್ಲೂ ಯೋನಿಯ ದ್ರವದಲ್ಲೂ ಇರಬಹುದಾದ್ದರಿಂದ ಆ ದಿನಗಳಲ್ಲಿ ಕಾಂಡೋಮ್ ಬೇಕೇ ಬೇಕು. ಕೆಲವು ಆಸ್ಪತ್ರೆಗಳು ಒಂದು ವಾರ ಎನ್ನುತ್ತವೆ, ನಿಮ್ಮ ತಂಡ ಹೇಳಿದಷ್ಟು ದಿನ ಪಾಲಿಸಿ. ಬಿಳಿರಕ್ತಕಣಗಳು ತೀರಾ ಇಳಿದಿದ್ದಾಗ ಸೋಂಕಿನ ಅಪಾಯ, ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ ಇದ್ದಾಗ ರಕ್ತಸ್ರಾವದ ಅಪಾಯ ಇರುವುದರಿಂದ ಆಗ ಸಂಭೋಗವನ್ನು ಮುಂದೂಡಿ. ಅಪ್ಪಿಕೊಳ್ಳುವುದಕ್ಕೆ, ಒಟ್ಟಿಗೆ ಮಲಗುವುದಕ್ಕೆ ಆಗಲೂ ಅಡ್ಡಿಯಿಲ್ಲ. ಶಸ್ತ್ರಚಿಕಿತ್ಸೆಯ ಗಾಯ ಒಳಗೂ ಹೊರಗೂ ಮಾಯ್ದಿದೆ ಎಂದು ವೈದ್ಯರು ಪರೀಕ್ಷಿಸಿ ಹೇಳಲಿ. ಗರ್ಭಕೋಶ ತೆಗೆದಿದ್ದರೆ ಇದಕ್ಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಹಿಡಿಯುತ್ತದೆ. ಹೊರಗಿನ ಯಂತ್ರದಿಂದ ರೇಡಿಯೇಷನ್ ಪಡೆದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲವಾದ್ದರಿಂದ ಅವರ ಪಕ್ಕದಲ್ಲಿ ಮಲಗಿದವರಿಗೆ, ಮಕ್ಕಳಿಗೆ ಏನೂ ಆಗುವುದಿಲ್ಲ.

ಗರ್ಭನಿರೋಧಕವನ್ನು ಮರೆಯಬೇಡಿ

ಮುಟ್ಟು ನಿಂತಿದೆ, ಇನ್ನು ಗರ್ಭ ನಿಲ್ಲುವುದಿಲ್ಲ ಎಂಬ ಊಹೆಯಿಂದ ಬೇಡದ ಹೊತ್ತಿನಲ್ಲಿ ಗರ್ಭಿಣಿಯಾದವರಿದ್ದಾರೆ. ಯುವತಿಯರಲ್ಲಿ ಅಂಡಾಶಯ ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಎಚ್ಚರಗೊಳ್ಳುವುದುಂಟು, ಮತ್ತು ಆ ಮೊದಲ ಅಂಡ ಬಿಡುಗಡೆಯಾಗುವುದು ಮುಟ್ಟು ಕಾಣಿಸಿಕೊಳ್ಳುವುದಕ್ಕಿಂತ ಮುಂಚೆ. ಹಾಗೆಯೇ ಸ್ತನದ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ಗರ್ಭನಿರೋಧಕವಲ್ಲ. ಅದನ್ನು ಸೇವಿಸುವಾಗಲೂ ಗರ್ಭ ನಿಲ್ಲಬಹುದು, ಮತ್ತು ಮಗುವಿಗೆ ಅದು ಹಾನಿಕರ. ಕೀಮೋ ಮುಗಿದ ಮೇಲೆ ಹೆಂಗಸರು ಕನಿಷ್ಠ 6 ತಿಂಗಳು, ಗಂಡಸರು ಕನಿಷ್ಠ 3 ತಿಂಗಳು ಗರ್ಭವಾಗದಂತೆ ನೋಡಿಕೊಳ್ಳಬೇಕೆಂಬುದು ಸಾಮಾನ್ಯ ಸಲಹೆಯಾದರೂ ಔಷಧಕ್ಕೆ ತಕ್ಕಂತೆ ಈ ಅವಧಿ ಹೆಚ್ಚಬಹುದು. ಸ್ತನದ ಕ್ಯಾನ್ಸರ್ ಆದವರು ಹಾರ್ಮೋನಿನ ಗರ್ಭನಿರೋಧಕ ಮಾತ್ರೆ, ಚುಚ್ಚುಮದ್ದು ಬಳಸಬಾರದು. ಅವರಿಗೆ ಕಾಂಡೋಮ್, ಅಥವಾ ನಮ್ಮಲ್ಲಿ ವಂಕಿ ಎಂದೇ ಕರೆಯುವ ಕಾಪರ್-ಟಿ ಸೂಕ್ತ.

ನಾಲ್ಕನೆಯ ಹೆಜ್ಜೆ: ಮೊದಲು ನಿಮ್ಮ ದೇಹದೊಡನೆ, ಆಮೇಲೆ ಸಂಗಾತಿಯೊಡನೆ

ಸ್ತನ ತೆಗೆಸಿಕೊಂಡ, ವೃಷಣ ತೆಗೆಸಿಕೊಂಡ, ಹೊಟ್ಟೆಯ ಮೇಲೆ ಉದ್ದದ ಹೊಲಿಗೆಯಿರುವ ಎಷ್ಟೋ ಯುವಜನರು ತಿಂಗಳುಗಳ ಕಾಲ ಕತ್ತಲಲ್ಲೇ ಬಟ್ಟೆ ಬದಲಾಯಿಸುತ್ತಾರೆ. ಆಸ್ಪತ್ರೆಯಲ್ಲಿ ಹತ್ತಾರು ಕೈಗಳು ಮುಟ್ಟಿದ ದೇಹ ಅದು. ಪ್ರತಿ ಸ್ಪರ್ಶದ ಹಿಂದೆಯೂ ಸೂಜಿಯೋ ನೋವೋ ಇದ್ದುದರಿಂದ ಮುಟ್ಟಿದ ಕೂಡಲೇ ಮೈ ಸೆಟೆಯುವುದು ಸಹಜ. ಅದನ್ನು ಆತುರಪಡಿಸಬಾರದು. ಸ್ನಾನದ ನಂತರ ಕನ್ನಡಿಯ ಮುಂದೆ ಒಂದೆರಡು ನಿಮಿಷ ನಿಂತು ನೋಡಿಕೊಳ್ಳುವುದರಿಂದ ಆರಂಭಿಸಿ. ವೈದ್ಯರು ಒಪ್ಪಿದ ಮೇಲೆ ಗಾಯದ ಕಲೆಗೆ ಎಣ್ಣೆ ಹಚ್ಚಿ ಬೆರಳ ತುದಿಯಿಂದ ಮೆಲ್ಲಗೆ ನೀವಿ; ಎಲ್ಲಿ ಸ್ಪರ್ಶ ತಿಳಿಯುತ್ತಿಲ್ಲ, ಎಲ್ಲಿ ಜುಮ್ಮೆನ್ನುತ್ತದೆ, ಎಲ್ಲಿ ಹಿತವೆನಿಸುತ್ತದೆ ಎಂದು ನೀವೇ ತಿಳಿದುಕೊಂಡರೆ ಮುಂದೆ ಸಂಗಾತಿಗೆ ಹೇಳಲು ಬರುತ್ತದೆ. ಹಸ್ತಮೈಥುನವೂ ಇದೇ ಕಾರಣಕ್ಕೆ ಗಂಡಿಗೂ ಹೆಣ್ಣಿಗೂ ಸುರಕ್ಷಿತವಾದ ದಾರಿ; ಅದರಿಂದ ರೋಗವೂ ಬರುವುದಿಲ್ಲ, ನಿಶ್ಶಕ್ತಿಯೂ ಬರುವುದಿಲ್ಲ.

ಜೋಡಿಗಳಿಗೆ ನಾವು ಹೇಳಿಕೊಡುವ ಒಂದು ಅಭ್ಯಾಸವನ್ನು ಅಮೆರಿಕದ ಲೈಂಗಿಕ ವಿಜ್ಞಾನಿಗಳಾದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜಿನಿಯಾ ಜಾನ್ಸನ್ ಅರ್ಧ ಶತಮಾನಕ್ಕೂ ಹಿಂದೆ ರೂಪಿಸಿದರು. ಅದರ ತಿರುಳು ಇಷ್ಟು: ಕೆಲವು ವಾರ ಸಂಭೋಗ ಇಲ್ಲ ಎಂದು ಇಬ್ಬರೂ ಮೊದಲೇ ಒಪ್ಪಿಕೊಳ್ಳಬೇಕು. ಮೊದಲ ವಾರ ವಾರಕ್ಕೆರಡು ಮೂರು ಸಲ, ಇಪ್ಪತ್ತು ನಿಮಿಷ, ಒಬ್ಬರು ಇನ್ನೊಬ್ಬರ ಕೈ, ಬೆನ್ನು, ಕಾಲು, ತಲೆಗಳನ್ನಷ್ಟೇ ಮುಟ್ಟುವುದು. ಎದೆ ಮತ್ತು ಜನನಾಂಗವನ್ನು ಬಿಡುವುದು. ಮುಟ್ಟಿಸಿಕೊಳ್ಳುವವರು "ಇಲ್ಲಿ ಹಿತವಾಗಿದೆ", "ಇಲ್ಲಿ ಬೇಡ" ಎಂದಷ್ಟೇ ಹೇಳುವುದು. ಅದು ಸಲೀಸಾದ ಮೇಲೆ ಮುಂದಿನ ವಾರಗಳಲ್ಲಿ ಎದೆ, ಜನನಾಂಗಗಳೂ ಸೇರುತ್ತವೆ, ಕೊನೆಗೆ ಇಬ್ಬರಿಗೂ ಬೇಕೆನಿಸಿದಾಗ ಸಂಭೋಗ. ಸೇರಲೇಬೇಕೆಂಬ ಒತ್ತಡ ಇಲ್ಲವಾದಾಗ ಮೈ ಸಡಿಲಗೊಳ್ಳುತ್ತದೆ, ಆಸೆ ಹುಟ್ಟಲು ಎಡೆ ಸಿಗುತ್ತದೆ. ಒಬ್ಬರಿಗೆ ಬೇಡವೆನಿಸಿದ ದಿನ ನಿಲ್ಲಿಸಬೇಕು. ಮದುವೆಯಾಗಿದೆ ಎಂಬುದು ಒಪ್ಪಿಗೆಯಲ್ಲ.

ಇದೆಲ್ಲ ಬಾಗಿಲು ಹಾಕಿಕೊಳ್ಳುವ ಕೋಣೆ ಇದ್ದವರಿಗೆ ಸರಿ ಎಂದು ನೀವು ಹೇಳಬಹುದು. ನಿಜ, ನಮ್ಮ ಎಷ್ಟೋ ಮನೆಗಳಲ್ಲಿ ಚಿಕಿತ್ಸೆಯ ದಿನಗಳಿಂದ ರೋಗಿಯ ಪಕ್ಕದಲ್ಲಿ ಅಮ್ಮನೋ ಅತ್ತೆಯೋ ಹಾಸಿಕೊಂಡು ಮಲಗುವುದು ರೂಢಿಯಾಗಿ, ಚಿಕಿತ್ಸೆ ಮುಗಿದು ಆರು ತಿಂಗಳಾದರೂ ಆ ಹಾಸಿಗೆ ಅಲ್ಲಿಂದ ಏಳುವುದೇ ಇಲ್ಲ. ದಂಪತಿಗಳು ಬಾಯಿಬಿಟ್ಟು ಕೇಳಲಾರರು. ಇಂಥ ಸಂದರ್ಭಗಳಲ್ಲಿ ನಾನು ಹಿರಿಯರನ್ನೇ ಕರೆದು, "ರಾತ್ರಿ ನೋಡಿಕೊಳ್ಳುವ ಅಗತ್ಯ ಇನ್ನಿಲ್ಲಮ್ಮ, ಇನ್ನು ಮೇಲೆ ಗಂಡ ಹೆಂಡತಿ ಮೊದಲಿನಂತೆ ಇರಬಹುದು ಎಂದು ಡಾಕ್ಟರೇ ಹೇಳಿದ್ದಾರೆ" ಎನ್ನುತ್ತೇನೆ. ವೈದ್ಯರ ಬಾಯಿಂದ ಬಂದ ಮಾತಾದ್ದರಿಂದ ಯಾರಿಗೂ ಮುಜುಗರವಾಗುವುದಿಲ್ಲ. ನಿಮ್ಮ ಆಸ್ಪತ್ರೆಯಲ್ಲೂ ಯಾರಾದರೂ ಹೀಗೆ ಹೇಳುವಂತೆ ಕೇಳಿಕೊಳ್ಳಿ.

ಸುಸ್ತು ಇನ್ನೊಂದು ದೊಡ್ಡ ಅಡ್ಡಿ. ಚಿಕಿತ್ಸೆಯಾದ ಒಂದೆರಡು ವರ್ಷವೂ ಅದು ಉಳಿಯಬಹುದು. ರಾತ್ರಿಯೇ ಆಗಬೇಕೆಂದಿಲ್ಲ, ನಿದ್ದೆ ಮುಗಿದ ಬೆಳಗಿನ ಜಾವ, ಅಥವಾ ನೋವಿನ ಮಾತ್ರೆ ತೆಗೆದುಕೊಂಡು ಮುಕ್ಕಾಲು ಗಂಟೆಯ ನಂತರದ ಸಮಯ ಹೆಚ್ಚು ಅನುಕೂಲ. ಕಂಕುಳಿನ ಗ್ರಂಥಿ ತೆಗೆಸಿಕೊಂಡು ತೋಳು ಊದಿಕೊಂಡವರು ಆ ತೋಳಿನ ಮೇಲೆ ಭಾರ ಬೀಳದಂತೆ ದಿಂಬು ಇಟ್ಟುಕೊಳ್ಳಲಿ.

ಐದನೆಯ ಹೆಜ್ಜೆ: ಹೆಣ್ಣುಮಕ್ಕಳ ನೋವು, ಒಣಗುವಿಕೆ

ನೋವನ್ನು ಹಲ್ಲು ಕಚ್ಚಿ ಸಹಿಸಬೇಡಿ. ಒಮ್ಮೆ ನೋವಾದ ಮೇಲೆ ಮುಂದಿನ ಸಲ ದೇಹ ತಾನಾಗಿಯೇ ಬಿಗಿದುಕೊಳ್ಳುತ್ತದೆ, ಬಿಗಿದಷ್ಟೂ ನೋವು ಹೆಚ್ಚುತ್ತದೆ. ಮೊದಲ ಉಪಾಯ ನೀರು ಅಥವಾ ಸಿಲಿಕೋನ್ ಆಧಾರಿತ ಲೂಬ್ರಿಕಂಟ್ ಜೆಲ್. ಔಷಧದಂಗಡಿಯಲ್ಲಿ ಕೆ-ವೈ ಜೆಲ್ಲಿ ಎಂದು ಕೇಳಿದರೆ ಅರ್ಥವಾಗುತ್ತದೆ. ಕೆಲವೊಮ್ಮೆ ಅದರ ಬದಲು ಲಿಗ್ನೋಕೇನ್ ಜೆಲ್ ಕೊಟ್ಟುಬಿಡುತ್ತಾರೆ. ಅದು ಮರಗಟ್ಟಿಸುವ ಔಷಧ, ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ಬಳಸಬೇಕು, ಆದ್ದರಿಂದ ಟ್ಯೂಬಿನ ಮೇಲಿನ ಹೆಸರನ್ನು ಓದಿಯೇ ಕೊಳ್ಳಿ. ಕೊಬ್ಬರಿ ಎಣ್ಣೆ ಪ್ರತಿ ಮನೆಯಲ್ಲೂ ಇರುವುದರಿಂದ ಕೈ ಮೊದಲು ಅದರತ್ತಲೇ ಹೋಗುತ್ತದೆ. ಆದರೆ ಯಾವುದೇ ಎಣ್ಣೆ, ವ್ಯಾಸಲೀನು ರಬ್ಬರಿನ ಕಾಂಡೋಮನ್ನು ದುರ್ಬಲಗೊಳಿಸಿ ಹರಿಯುವಂತೆ ಮಾಡುತ್ತದೆ. ಗರ್ಭ ತಡೆಯಲು ಕಾಂಡೋಮನ್ನೇ ನಂಬಿರುವವರು ಎಣ್ಣೆಯನ್ನು ಮುಟ್ಟಲೇಬಾರದು.

ಜೆಲ್ ಆ ಹೊತ್ತಿನ ಜಾರಿಕೆಗೆ ಮಾತ್ರ. ಒಳಪದರದ ತೇವ ಉಳಿಯಲು ಹಯಲುರಾನಿಕ್ ಆಮ್ಲದಂಥವು ಇರುವ ಯೋನಿಯ ಮಾಯಿಶ್ಚರೈಸರನ್ನು ವಾರಕ್ಕೆ ಎರಡು ಮೂರು ಸಲ, ಸಂಭೋಗ ಇರಲಿ ಇಲ್ಲದಿರಲಿ, ಮುಖಕ್ಕೆ ಕ್ರೀಮ್ ಹಚ್ಚುವಷ್ಟೇ ಕ್ರಮವಾಗಿ ಬಳಸಬೇಕು. ಇಷ್ಟರಿಂದ ಸಾಲದಾದಾಗ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಇದೆ. ಹಾರ್ಮೋನಿಗೆ ಸ್ಪಂದಿಸುವ ಸ್ತನದ ಕ್ಯಾನ್ಸರ್ ಆದವರು ಮಾತ್ರ ಕ್ಯಾನ್ಸರ್ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಸೋಪು, ವಾಸನೆಯ ದ್ರವಗಳಿಂದ ಒಳಗೆ ತೊಳೆಯುವುದು ಒಣಗುವಿಕೆಯನ್ನು ಹೆಚ್ಚಿಸುತ್ತದೆ. ಅಕಾಲಿಕ ಮುಟ್ಟುನಿಲುಗಡೆಯಾದವರಿಗೆ, ಅವರ ಕ್ಯಾನ್ಸರ್ ಹಾರ್ಮೋನಿಗೆ ಸಂಬಂಧಿಸಿದ್ದಲ್ಲವಾದರೆ, ಸಹಜ ಮುಟ್ಟುನಿಲುಗಡೆಯ ವಯಸ್ಸಿನವರೆಗೆ ಅಂದರೆ ಸುಮಾರು 50ರವರೆಗೆ ಹಾರ್ಮೋನು ಕೊಡುವುದು ವಾಡಿಕೆ. ಅದು ಹಾಸಿಗೆಯ ಸುಖಕ್ಕಷ್ಟೇ ಅಲ್ಲ, ಮೂಳೆ ಮತ್ತು ಹೃದಯಕ್ಕೂ ಬೇಕು. ಮೊದಲು ಹೇಳಿದ ಯುವತಿಗೆ ಸಿಕ್ಕಿದ್ದು ಇದೇ ಚಿಕಿತ್ಸೆ.

ಕಿಬ್ಬೊಟ್ಟೆಗೆ ರೇಡಿಯೇಷನ್ ಆದವರಲ್ಲಿ ಯೋನಿಯ ಗೋಡೆಗಳು ಅಂಟಿಕೊಂಡು ದಾರಿ ಕಿರಿದಾಗುವುದನ್ನು ತಡೆಯಲು ಡೈಲೇಟರ್ ಎಂಬ ನುಣುಪಾದ ಕೊಳವೆಯಾಕಾರದ ಸಾಧನ ಬಳಸುತ್ತಾರೆ. ಸಾಮಾನ್ಯವಾಗಿ ಚಿಕಿತ್ಸೆ ಮುಗಿದು ಉರಿಯೂತ ಇಳಿದ ಮೇಲೆ, ಸುಮಾರು ನಾಲ್ಕು ವಾರಕ್ಕೆ, ವೈದ್ಯರು ಪರೀಕ್ಷಿಸಿದ ನಂತರ ಶುರು ಮಾಡುವುದು. ಮಲಗಿ ಮೊಣಕಾಲು ಮಡಿಸಿ, ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ, ಜೆಲ್ ಹಚ್ಚಿದ ಅತಿ ಸಣ್ಣ ಗಾತ್ರದ್ದನ್ನು ನೋವಾಗದಷ್ಟು ಒಳಕ್ಕೆ ಸೇರಿಸಿ ಐದರಿಂದ ಹತ್ತು ನಿಮಿಷ ಇಡಬೇಕು. ವಾರಕ್ಕೆ ಎರಡು ಮೂರು ಸಲ. ಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು ಒರೆಸಿಡಿ. ಒಂದೆರಡು ಹನಿ ರಕ್ತದ ಕಲೆ ಕಂಡರೆ ಗಾಬರಿ ಬೇಡ. ಹರಿಯುವಂಥ ರಕ್ತ, ದುರ್ವಾಸನೆಯ ಸ್ರಾವ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮದುವೆಯಾಗದ ಹುಡುಗಿಗೆ ಇದು ಏಕೆ ಎಂದು ಮನೆಯವರು ಕೇಳಿದರೆ, ಮುಂದಿನ ತಪಾಸಣೆಗಳಲ್ಲಿ ವೈದ್ಯರು ಒಳಗೆ ನೋಡಲು ದಾರಿ ಇರಬೇಕಲ್ಲವೇ ಎಂದು ಹೇಳಿ. ಅದು ನಿಜವೂ ಹೌದು. ಸ್ನಾಯುಗಳ ಬಿಗಿತಕ್ಕೆ ಶ್ರೋಣಿಭಾಗದ, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳ ಫಿಸಿಯೋಥೆರಪಿಯಿಂದ ಒಳ್ಳೆಯ ಗುಣ ಕಾಣುತ್ತದೆ. ನಗರದ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿ.

ಆರನೆಯ ಹೆಜ್ಜೆ: ಗಂಡುಮಕ್ಕಳಿಗೆ

ವೃಷಣದ ಕ್ಯಾನ್ಸರಿಗೆ ಒಂದು ವೃಷಣ ತೆಗೆಸಿಕೊಂಡ ಯುವಕನೊಬ್ಬ ನನ್ನೆದುರು ತಲೆ ತಗ್ಗಿಸಿ ಕುಳಿತು, ತಾನು ಷಂಡನಾದೆನೇ ಎಂದು ಕೇಳಿದ್ದ. ಆ ಒಂದು ಪದದಲ್ಲಿ ನಮ್ಮ ಜನ ಎರಡು ಬೇರೆ ಸಂಗತಿಗಳನ್ನು ಕಲಸಿಬಿಟ್ಟಿದ್ದಾರೆ. ಸಂಭೋಗ ಮಾಡಲಾಗದಿರುವುದು ಬೇರೆ, ಮಕ್ಕಳಾಗದಿರುವುದು ಬೇರೆ. ಉಳಿದ ಒಂದು ವೃಷಣ ಆರೋಗ್ಯವಾಗಿದ್ದರೆ ಬಹುತೇಕರಿಗೆ ಗಂಡು ಹಾರ್ಮೋನು ಸಾಕಾಗುವಷ್ಟು ಸಿಗುತ್ತದೆ, ನಿಮಿರುವಿಕೆಗೂ ಸುಖಕ್ಕೂ ಕೊರತೆಯಾಗುವುದಿಲ್ಲ. ಹೊಟ್ಟೆಯ ಹಿಂಭಾಗದ ಗ್ರಂಥಿಗಳನ್ನು ತೆಗೆದವರಲ್ಲಿ ಸುಖದ ಕೊನೆಯಲ್ಲಿ ವೀರ್ಯ ಹೊರಬರದಿರಬಹುದು. ಅದು ಹಿಂದಕ್ಕೆ ಮೂತ್ರಕೋಶಕ್ಕೆ ಹೋಗಿ ಮೂತ್ರದೊಡನೆ ಹೊರಹೋಗುವುದೂ ಉಂಟು. ಇದರಿಂದ ದೇಹಕ್ಕೆ ಹಾನಿಯಿಲ್ಲ, ಮಗು ಬೇಕೆಂದಾಗ ಮಾತ್ರ ತಜ್ಞರ ನೆರವು ಬೇಕಾಗುತ್ತದೆ. ನೋಟಕ್ಕೆ ಸಂಕೋಚವಾಗುವವರಿಗೆ ಸಿಲಿಕೋನಿನ ಕೃತಕ ವೃಷಣ ಇಡಿಸಿಕೊಳ್ಳುವ ಅವಕಾಶವಿದೆ.

ನಿಮಿರುವಿಕೆ ಸರಿಯಿಲ್ಲದಿದ್ದರೆ, ಬೆಳಗ್ಗೆ ಏಳುವಾಗ ತಾನಾಗಿ ಆಗುತ್ತದೆಯೇ ಎಂದು ಗಮನಿಸಿ ವೈದ್ಯರಿಗೆ ತಿಳಿಸಿ. ಕಾರಣ ಮನಸ್ಸಿನ ಆತಂಕವೋ, ನರ ರಕ್ತನಾಳವೋ ಎಂದು ಬೇರ್ಪಡಿಸಲು ಅದು ನೆರವಾಗುತ್ತದೆ. ಗಂಡು ಹಾರ್ಮೋನಾದ ಟೆಸ್ಟೋಸ್ಟಿರೋನ್ ಪರೀಕ್ಷೆಯನ್ನು ಬೆಳಗಿನ ಹೊತ್ತಿನಲ್ಲೇ ಮಾಡಿಸಬೇಕು, ಮಧ್ಯಾಹ್ನ ಅದರ ಮಟ್ಟ ಇಳಿಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟಾಗಿದ್ದರೆ ಚೇತರಿಕೆಗೆ ಒಂದೆರಡು ವರ್ಷವೂ ಹಿಡಿಯಬಹುದು. ಸಿಲ್ಡೆನಾಫಿಲ್, ಟಡಾಲಫಿಲ್ ಮಾತ್ರೆಗಳು ಅನೇಕರಿಗೆ ಕೆಲಸ ಮಾಡುತ್ತವೆ, ಆದರೆ ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ಗೆಳೆಯರ ಮಾತು ಕೇಳಿ ಅಂಗಡಿಯಿಂದ, ಗೋಡೆ ಜಾಹೀರಾತು ನೋಡಿ "ಗುಪ್ತರೋಗ ತಜ್ಞ"ರಿಂದ ಔಷಧ ತರಬೇಡಿ.

ಬಾಯಿಯ ಕ್ಯಾನ್ಸರ್, ಹೊಟ್ಟೆಯ ಚೀಲ

ಗುಟ್ಕಾದಿಂದಾಗಿ ನಮ್ಮಲ್ಲಿ ಮೂವತ್ತು ದಾಟದ ಹುಡುಗರಿಗೂ ದವಡೆ ತೆಗೆಸಬೇಕಾಗಿ ಬಂದಿದೆ. ಬಾಯಿ ಅಗಲವಾಗಿ ತೆರೆಯದು, ಒಂದು ಕಡೆ ಜೊಲ್ಲು ಸುರಿಯುತ್ತದೆ, ಇನ್ನೊಂದು ಕಡೆ ಒಣಗುತ್ತದೆ, ಮುಖದ ಆಕಾರವೇ ಬದಲಾಗಿರುತ್ತದೆ. ಇವರಿಗೆ ಸಂಭೋಗಕ್ಕಿಂತ ಮುತ್ತೇ ದೊಡ್ಡ ಕಷ್ಟ. ಮೊದಲು ಬಾಯಿ ಮುಕ್ಕಳಿಸಿ, ಒಂದೆರಡು ಗುಟುಕು ನೀರು ಕುಡಿದು, ಸ್ಪರ್ಶಜ್ಞಾನ ಉಳಿದಿರುವ ಬದಿ ಯಾವುದೆಂದು ಸಂಗಾತಿಗೆ ಹೇಳಿ. ಬಾಯಿ ತೆರೆಯುವ ವ್ಯಾಯಾಮವನ್ನು ಬಿಡದೆ ಮಾಡಿದರೆ ಊಟಕ್ಕೂ ಇದಕ್ಕೂ ಅನುಕೂಲ.

ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಮೇಲೆ ಮಾಡಿದ ರಂಧ್ರಕ್ಕೆ ಮಲ ಅಥವಾ ಮೂತ್ರದ ಚೀಲ ಅಂಟಿಸಿಕೊಂಡಿರುವವರು ಮುಂಚೆಯೇ ಚೀಲವನ್ನು ಖಾಲಿ ಮಾಡಿ, ಅಂಚು ಗಟ್ಟಿಯಾಗಿ ಹಿಡಿದಿದೆಯೇ ಎಂದು ನೋಡಿ, ಮೇಲೊಂದು ಮೆತ್ತನೆಯ ಹತ್ತಿ ಬಟ್ಟೆಯ ಪಟ್ಟಿ ಕಟ್ಟಿಕೊಳ್ಳಿ. ಮಲದ ಚೀಲವಿದ್ದರೆ ಅಂದು ಹುರುಳಿ, ಕೋಸು, ಮೂಲಂಗಿಗಳಿಂದ ದೂರವಿದ್ದರೆ ವಾಯುವಿನ ಸದ್ದು ಕಡಿಮೆ. ಪಕ್ಕಕ್ಕೆ ಹೊರಳಿ ಮಲಗುವ ಭಂಗಿಯಲ್ಲಿ ಚೀಲದ ಮೇಲೆ ಒತ್ತಡ ಬೀಳುವುದಿಲ್ಲ. ಹೊಟ್ಟೆಯ ಮೇಲಿನ ಆ ರಂಧ್ರದೊಳಗೆ ಎಂದೂ ಏನನ್ನೂ ತೂರಿಸಬಾರದು.

ಏಳನೆಯ ಹೆಜ್ಜೆ: ಮದುವೆಯ ಮಾತು ಬಂದಾಗ ಹೇಳುವುದು ಹೇಗೆ, ಯಾವಾಗ

ನನ್ನ ಹತ್ತಿರ ಬರುವ ಅವಿವಾಹಿತರ ಮೊದಲ ಪ್ರಶ್ನೆ ಇದೇ. ಮನೆಯವರು ಹೇಳುವುದು ಸಾಮಾನ್ಯವಾಗಿ ಒಂದೇ: "ಗುಣವಾಗಿದೆಯಲ್ಲ, ಯಾಕೆ ಹೇಳಬೇಕು? ಗೊತ್ತಾದರೆ ಯಾರು ಒಪ್ಪುತ್ತಾರೆ?" ಅವರ ಭಯ ನನಗೆ ಅರ್ಥವಾಗುತ್ತದೆ, ತಂಗಿಯ ಸಂಬಂಧಕ್ಕೂ ತೊಡಕಾದೀತೆಂದು ಅಕ್ಕನ ಕಾಯಿಲೆಯನ್ನು ನೆಂಟರಿಂದ ಮುಚ್ಚಿಟ್ಟ ಮನೆಗಳನ್ನು ಕಂಡಿದ್ದೇನೆ. ಆದರೂ ನನ್ನ ಸಲಹೆ ಸ್ಪಷ್ಟವಾಗಿದೆ: ನಿಶ್ಚಿತಾರ್ಥಕ್ಕೆ ಮುಂಚೆ ಹೇಳಲೇಬೇಕು, ಮತ್ತು ಮದುವೆಯಾಗುವ ವ್ಯಕ್ತಿಗೆ ನೀವೇ ನೇರವಾಗಿ ಹೇಳಬೇಕು.

ಇದಕ್ಕೆ ಕಾನೂನಿನ ಕಾರಣವೂ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ, ಮದುವೆಗೆ ಸಂಬಂಧಿಸಿದ ಮುಖ್ಯ ಸಂಗತಿಯನ್ನು ವಂಚನೆಯಿಂದ ಮರೆಮಾಚಿ ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನು ರದ್ದುಪಡಿಸುವಂತೆ, ವಂಚನೆ ತಿಳಿದ ಒಂದು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಬಹುದು. ಮಕ್ಕಳಾಗುವ ಸಾಧ್ಯತೆ ಕಡಿಮೆ ಎಂದು ತಿಳಿದೂ ಮುಚ್ಚಿಟ್ಟರೆ ಈ ಮಾತು ಕೋರ್ಟಿನಲ್ಲಿ ಏಳುವ ಸಂಭವವಿದೆ. ಇನ್ನೊಂದು ಕಡೆ, ಮದುವೆಯಾದ ಮೇಲೆ ಸಂಗಾತಿಗೆ ಕ್ಯಾನ್ಸರ್ ಬಂತು ಎಂಬುದು ಅದೇ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಆಧಾರವೇ ಅಲ್ಲ. ಹಾಗೆಂದು ಬೆದರಿಸುವವರಿಗೆ ಇದನ್ನು ತಿಳಿಸಿ.

ಕಾನೂನಿಗಿಂತ ದಿನನಿತ್ಯದ ಕಾರಣ ದೊಡ್ಡದು. ತಪಾಸಣೆಗೆ ಹೋಗುವ ದಿನ ಏನು ಹೇಳುವುದು, ಮಾತ್ರೆಯ ಪಟ್ಟಿಯನ್ನು ಎಲ್ಲಿಡುವುದು, ಕೀಮೋ ಕೊಡಲು ಎದೆಯ ಚರ್ಮದಡಿ ಇಟ್ಟಿದ್ದ ಪೋರ್ಟ್ ಎಂಬ ಸಾಧನದ ಕಲೆಗೆ ಯಾವ ಕತೆ ಕಟ್ಟುವುದು ಎಂಬ ಆತಂಕದಲ್ಲಿ ಮೊದಲ ರಾತ್ರಿಯನ್ನು ಎದುರಿಸಿದ ಹುಡುಗಿಯೊಬ್ಬಳು ಮದುವೆಯಾಗಿ ಎಂಟು ತಿಂಗಳು ತಪಾಸಣೆಗೇ ಬರಲಿಲ್ಲ. ಆ ಎಂಟು ತಿಂಗಳು ನಮಗೆ ಆಕೆಯ ಬಗ್ಗೆ ಇದ್ದ ಕಳವಳವನ್ನು ನಾನು ಮರೆಯಲಾರೆ.

ಮೊದಲ ಭೇಟಿಯಲ್ಲೇ ಎಲ್ಲವನ್ನೂ ಹೇಳಬೇಕೆಂದಿಲ್ಲ. ಎರಡು ಮೂರು ಸಲ ಮಾತನಾಡಿ, ಸಂಬಂಧ ಮುಂದುವರಿಯಬಹುದು ಎನಿಸಿದಾಗ, ಹಿರಿಯರಿಲ್ಲದ ಜಾಗದಲ್ಲಿ ಹೇಳಿ. "ನನಗೆ 21ನೇ ವಯಸ್ಸಿನಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಆಗಿತ್ತು. ಆರು ತಿಂಗಳು ಚಿಕಿತ್ಸೆ ಆಯಿತು. ಮುಗಿದು ನಾಲ್ಕು ವರ್ಷವಾಗಿದೆ, ವರ್ಷಕ್ಕೊಮ್ಮೆ ತಪಾಸಣೆ ಇದೆ. ಮಕ್ಕಳ ವಿಷಯದಲ್ಲಿ ವೈದ್ಯರು ಹೀಗೆ ಹೇಳಿದ್ದಾರೆ. ಯೋಚಿಸಿ, ಏನು ಬೇಕಾದರೂ ಕೇಳಿ, ಬೇಕಿದ್ದರೆ ನನ್ನ ಡಾಕ್ಟರನ್ನು ನೀವೇ ಬಂದು ನೋಡಿ" ಎಂಬಷ್ಟೇ ಸಾಕು. ಕ್ಷಮೆ ಕೇಳುವ ದನಿ ಬೇಡ, ನೀವು ತಪ್ಪು ಮಾಡಿಲ್ಲ. ಮುಂಚೆ ಗೆಳತಿಯ ಎದುರು ಒಂದೆರಡು ಸಲ ಹೇಳಿ ರೂಢಿ ಮಾಡಿಕೊಂಡರೆ ಆ ಹೊತ್ತಿಗೆ ಗಂಟಲು ಕಟ್ಟುವುದಿಲ್ಲ. ಕೆಲವರು ಹಿಂದೆ ಸರಿಯುತ್ತಾರೆ. ಅದು ನೋಯಿಸುತ್ತದೆ, ನೋವಿಲ್ಲವೆಂದು ನಾನು ಹೇಳಲಾರೆ. ಉಳಿದವರ ಎದುರು ನೀವು ಏನನ್ನೂ ಬಚ್ಚಿಡಬೇಕಾಗಿ ಬರುವುದಿಲ್ಲ.

ಮಕ್ಕಳ ಬಗ್ಗೆ

ಮುಟ್ಟು ಮರಳಿತೆಂದರೆ ಫಲವಂತಿಕೆ ಪೂರ್ತಿ ಮರಳಿತು ಎಂದಲ್ಲ. ಅಂಡಗಳ ಸಂಗ್ರಹ ಕಡಿಮೆಯಾಗಿರಬಹುದು. ಎಎಂಎಚ್ ಎಂಬ ರಕ್ತಪರೀಕ್ಷೆ ಮತ್ತು ಸ್ಕ್ಯಾನಿನಿಂದ ಒಂದು ಅಂದಾಜು ಸಿಗುತ್ತದೆ. ಗಂಡಸರಲ್ಲಿ ವೀರ್ಯಾಣು ಚೇತರಿಸಿಕೊಳ್ಳಲು ಹಲವು ವರ್ಷ ಬೇಕಾಗಬಹುದಾದ್ದರಿಂದ ಒಂದೇ ಪರೀಕ್ಷೆಯಿಂದ ನಿರಾಶರಾಗಬೇಡಿ. ಚಿಕಿತ್ಸೆಗೆ ಮುಂಚೆ ವೀರ್ಯ ಅಥವಾ ಅಂಡ ಶೇಖರಿಸಿಟ್ಟಿದ್ದರೆ, 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಡಿ ಅದನ್ನು ಹತ್ತು ವರ್ಷದವರೆಗೆ ಇಡಬಹುದು. ಫೋನ್ ನಂಬರು, ವಿಳಾಸ ಬದಲಾದರೆ ಅದನ್ನು ಶೇಖರಿಸಿಟ್ಟಿರುವ ಬ್ಯಾಂಕಿಗೆ ತಿಳಿಸಲು ಮರೆಯಬೇಡಿ. ಹಾರ್ಮೋನಿಗೆ ಸ್ಪಂದಿಸುವ ಸ್ತನದ ಕ್ಯಾನ್ಸರ್ ಆದ ಯುವತಿಯರಿಗೆ ಒಂದು ಒಳ್ಳೆಯ ಸುದ್ದಿಯಿದೆ: ಒಂದೂವರೆಯಿಂದ ಎರಡೂವರೆ ವರ್ಷ ಹಾರ್ಮೋನು ತಡೆಯುವ ಚಿಕಿತ್ಸೆ ಪಡೆದ ಮೇಲೆ ಅದನ್ನು ಗರ್ಭಧಾರಣೆಗಾಗಿ ಎರಡು ವರ್ಷದವರೆಗೆ ನಿಲ್ಲಿಸಿದವರಲ್ಲಿ, ಅಷ್ಟು ಕಾಲದಲ್ಲಿ ಕ್ಯಾನ್ಸರ್ ಮರುಕಳಿಸುವ ಪ್ರಮಾಣ ಹೆಚ್ಚಲಿಲ್ಲವೆಂದು 2023ರಲ್ಲಿ ಪ್ರಕಟವಾದ ಪಾಸಿಟಿವ್ ಎಂಬ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿದೆ. ದೀರ್ಘಕಾಲದ ಫಲಿತಾಂಶ ಇನ್ನೂ ಬರಬೇಕಾಗಿರುವುದರಿಂದ ನಿಮ್ಮ ವೈದ್ಯರೊಡನೆ ಯೋಚಿಸಿಯೇ ನಿರ್ಧರಿಸಿ. ದತ್ತು ಪಡೆಯಲು ಕೇಂದ್ರ ಸರ್ಕಾರದ ಕಾರಾ ಸಂಸ್ಥೆಯಲ್ಲಿ ನೋಂದಾಯಿಸುವಾಗ ಜೀವಕ್ಕೆ ಅಪಾಯವಿರುವ ಕಾಯಿಲೆಯಿಲ್ಲವೆಂದು ವೈದ್ಯರ ಪ್ರಮಾಣಪತ್ರ ಬೇಕು. ಚಿಕಿತ್ಸೆ ಮುಗಿಸಿ ಆರೋಗ್ಯವಾಗಿರುವವರು ಅದನ್ನು ತಮ್ಮ ಕ್ಯಾನ್ಸರ್ ವೈದ್ಯರಿಂದಲೇ ಕೇಳಬಹುದು.

ಯಾರ ಹತ್ತಿರ ಹೋಗಬೇಕು

ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರು. ಅವರಿಂದ ಸ್ತ್ರೀರೋಗ ತಜ್ಞರಿಗೆ, ಮೂತ್ರರೋಗ ತಜ್ಞರಿಗೆ, ಹಾರ್ಮೋನು ತಜ್ಞರಿಗೆ ಚೀಟಿ ಬರೆಸಿಕೊಳ್ಳಿ. ಬಾಲ್ಯದಲ್ಲೇ ಚಿಕಿತ್ಸೆಯಾಗಿ ಈಗ ದೊಡ್ಡವರಾದವರು ಹಳೆಯ ಆಸ್ಪತ್ರೆಯಲ್ಲಿ ಚಿಕಿತ್ಸೋತ್ತರ ಕ್ಲಿನಿಕ್ ಇದೆಯೇ ಎಂದು ಕೇಳಿ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಅಂಥದ್ದೊಂದು 1991ರಿಂದಲೇ ನಡೆಯುತ್ತಿದೆ. ಗಂಡ ಹೆಂಡಿರ ನಡುವೆ ಮಾತೇ ನಿಂತುಹೋಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯ ಕೇಂದ್ರವಿದೆ. ರಾತ್ರಿ ನಿದ್ದೆ ಬಾರದೆ, ಬದುಕೇ ಬೇಡ ಎನಿಸುವ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡುತ್ತಾರೆ.

ನಾಳೆಯೇ ತಪಾಸಣೆ ಇರುವವರು ಇಂದು ರಾತ್ರಿ ಚೀಟಿ ಬರೆಯಿರಿ. ಮುಟ್ಟು ಕೊನೆಯದಾಗಿ ಬಂದ ತಿಂಗಳು ಅಥವಾ ನಿಮಿರುವಿಕೆ ಹೇಗಿದೆ ಎಂಬುದು, ನೋವು ಎಲ್ಲಿ ಎಂಬುದು, ಈಗ ಸೇವಿಸುವ ಮಾತ್ರೆಗಳು, ಮಗು ಬೇಕೇ ಎಂಬುದು, ಜೊತೆಗೆ ಬಂದವರನ್ನು ಹೊರಗೆ ಕಳುಹಿಸಿ ಎಂಬ ಒಂದು ಸಾಲು. ಫೈಲಿನ ಮೊದಲ ಹಾಳೆಗೆ ಪಿನ್ ಮಾಡಿ.